ಕಡಲಿಗೆ ಬೇಲಿ ಹಾಕಿದರೆ ಮಕ್ಕಳು ಉಳಿಯುವುದಿಲ್ಲ

ಮುರುಡೇಶ್ವರದ ಕಡಲಲ್ಲಿ 2024ರ ಡಿಸೆಂಬರ್ 10ರ ಸಂಜೆ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಕೊತ್ತೂರಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ 46 ಮಕ್ಕಳ ಪೈಕಿ ಏಳು ಮಂದಿ ಅಲೆಯ ಸೆಳೆತಕ್ಕೆ ಸಿಕ್ಕಿದ್ದರು. ಮೂವರನ್ನು ದಡಕ್ಕೆ ಎಳೆದು ತಂದು ಬದುಕಿಸಿದರು. ಜೀವ ಬಿಟ್ಟ ನಾಲ್ವರೂ ಒಂಬತ್ತನೇ ತರಗತಿಯ ಮಕ್ಕಳು. ಮುಂದಿನ ಒಂದೆರಡು ದಿನಗಳಲ್ಲಿ ಸರ್ಕಾರ ಮಾಡಿದ್ದು ಇಷ್ಟು: ಪ್ರಾಂಶುಪಾಲರ ಅಮಾನತು, ಜೊತೆಗಿದ್ದ ಶಿಕ್ಷಕರ ಬಂಧನ, ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ, ಕಡಲತೀರಕ್ಕೆ ಪ್ರವೇಶ ನಿಷೇಧ.

ಅಂದಿನಿಂದ ಬಯಲುಸೀಮೆಯ ಶಾಲೆಗಳಲ್ಲಿ ಪ್ರವಾಸದ ಮಾತೆತ್ತಿದರೆ ಸಾಕು, ಒಂದು ವಾದ ತಾನಾಗಿ ಎದ್ದು ನಿಲ್ಲುತ್ತದೆ. ಸಮುದ್ರ ಬೇಡ. ಹಂಪಿ ಆಗಬಹುದು, ಬೇಲೂರು ಹಳೇಬೀಡು ಆಗಬಹುದು, ಮೈಸೂರಂತೂ ಸರಿಯೇ, ಕಡಲ ಕಡೆ ಮಾತ್ರ ಬಸ್ಸು ತಿರುಗಿಸಬೇಡಿ. ಪೋಷಕರು ಹೀಗೆನ್ನುತ್ತಾರೆ, ಮುಖ್ಯೋಪಾಧ್ಯಾಯರು ಹೌದೆನ್ನುತ್ತಾರೆ, ಎಸ್‌ಡಿಎಂಸಿ ಸದಸ್ಯರು ತಲೆದೂಗುತ್ತಾರೆ. ಸಮುದ್ರದಿಂದ ಬಹುದೂರ ಇರುವ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯಲ್ಲಿ ಕುಳಿತು ನಾನು ಈ ವಾದವನ್ನು ವಿರೋಧಿಸುತ್ತೇನೆ. ಹೆತ್ತವರ ಭಯ ನನಗೆ ಅರ್ಥವಾಗುತ್ತದೆ, ಆ ಭಯದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಆ ಭಯವನ್ನೇ ಮುಂದಿಟ್ಟುಕೊಂಡು ಸರ್ಕಾರ ತನ್ನ ಕೆಲಸದಿಂದ ತಪ್ಪಿಸಿಕೊಳ್ಳುವುದನ್ನು ಒಪ್ಪಲಾರೆ. ನಿಷೇಧಕ್ಕೆ ದುಡ್ಡು ಬೇಕಿಲ್ಲ. ರಕ್ಷಣೆಗೆ ಬೇಕು. ಎರಡನ್ನೂ ಒಂದೇ ಎಂದು ನಂಬಿಸುವ ಯತ್ನ ನಡೆದಿದೆ, ನಾವು ನಂಬುತ್ತಿದ್ದೇವೆ.

ನಿಷೇಧ ಯಾರ ಮೇಲೆ?

ಶಾಲಾ ಪ್ರವಾಸದಿಂದ ಸಮುದ್ರವನ್ನು ತೆಗೆದುಹಾಕಿದರೆ ನಷ್ಟ ಯಾರಿಗೆ ಎಂಬುದನ್ನು ಮೊದಲು ಕೇಳಬೇಕು. ಕಾರು ಇರುವ ಮನೆಯ ಮಗುವಿಗೆ ಏನೂ ಆಗುವುದಿಲ್ಲ. ಶನಿವಾರ ಭಾನುವಾರ ಸೇರಿ ಇನ್ನೊಂದು ರಜೆ ಬಂದರೆ ಆ ಕುಟುಂಬ ಶಿವಮೊಗ್ಗ, ಸಾಗರ, ಜೋಗ ದಾಟಿ ಹೊನ್ನಾವರಕ್ಕೆ ಇಳಿಯುತ್ತದೆ, ಮುರುಡೇಶ್ವರದಲ್ಲಿ ರೂಮು ಹಿಡಿಯುತ್ತದೆ, ಮಗು ಮಂಡಿಯವರೆಗೆ ನೀರಿಗಿಳಿದು ಆಡುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ.

ರಾಗಿ, ಸಾಮೆ ಬೆಳೆದು ಮಳೆಯ ದಾರಿ ಕಾಯುವ ಮನೆಯ ಮಗುವಿನ ಸಂಗತಿ ಬೇರೆ. ತೆಂಗಿನ ತೋಟದಲ್ಲಿ ಕೂಲಿಗೆ ಹೋಗುವ ತಾಯಿಯ ಮಗಳು, ಹಾಸ್ಟೆಲಿನಲ್ಲಿದ್ದು ಓದುವ ಹುಡುಗ, ಮೊರಾರ್ಜಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಸೀಟು ಗಿಟ್ಟಿಸಿಕೊಂಡ ಬಡವರ ಮಕ್ಕಳು ಸಮುದ್ರ ನೋಡುವುದು ಶಾಲೆಯ ಟೂರಿನಲ್ಲಿ ಮಾತ್ರ. ಅವ್ವ ಚೀಟಿ ಹಣದಲ್ಲಿ ಉಳಿಸಿ ಕೊಟ್ಟ ರೂಪಾಯಿಗಳಿಂದಲೋ, ಸರ್ಕಾರದ ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಯಿಂದಲೋ ಆ ಪ್ರಯಾಣ ಒದಗುತ್ತದೆ. ಬಹಳ ಮಕ್ಕಳಿಗೆ ಮದುವೆಯಾಗುವವರೆಗೆ ಜಿಲ್ಲೆಯ ಗಡಿ ದಾಟುವ ಇನ್ನೊಂದು ಅವಕಾಶ ಸಿಗುವುದಿಲ್ಲ, ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಸುಮಾರು 320 ಕಿಲೋಮೀಟರ್ ಕರಾವಳಿ ಇರುವ ರಾಜ್ಯದಲ್ಲಿ ಹುಟ್ಟಿ, ಭೂಪಟದಲ್ಲಿ ನೀಲಿ ಬಣ್ಣ ಹಚ್ಚಿ, ಆ ನೀಲಿ ಏನೆಂದು ಕಣ್ಣಾರೆ ಕಾಣದೆ ಬೆಳೆದು ದೊಡ್ಡವರಾಗುವುದು ಸಣ್ಣ ನಷ್ಟವಲ್ಲ. ಸಮುದ್ರದ ನಿಷೇಧ ಹೆಸರಿಗೆ ಎಲ್ಲ ಶಾಲೆಗಳಿಗೂ ಸಮಾನ. ಪೆಟ್ಟು ಬೀಳುವುದು ಬಡವರ ಮಕ್ಕಳಿಗೆ ಮಾತ್ರ.

ಇನ್ನೊಂದು ಕಡೆ ಆ ಊರಿದೆ. ಮುರುಡೇಶ್ವರ ಎಂದರೆ ನಮಗೆ 123 ಅಡಿ ಎತ್ತರದ ಶಿವ, ಕಂದುಕಗಿರಿ, ಇಪ್ಪತ್ತು ಅಂತಸ್ತಿನ ರಾಜಗೋಪುರ. ಅಲ್ಲಿರುವವರಿಗೆ ಅದು ದುಡಿದು ತಿನ್ನುವ ನೆಲ. ನವೆಂಬರಿನಿಂದ ಜನವರಿ ಮುಗಿಯುವವರೆಗಿನ ಪ್ರವಾಸದ ಹಂಗಾಮಿನಲ್ಲಿ ಆಟೊದವರು, ಚುರುಮುರಿ ಮಾರುವವರು, ಊಟದ ಹೋಟೆಲಿನವರು, ದೋಣಿಯವರು ವರ್ಷದ ಬಹುಪಾಲು ಸಂಪಾದನೆ ಮಾಡಿಕೊಳ್ಳುತ್ತಾರೆ. ಆ ಹಂಗಾಮಿನ ನಡುವೆ ಕಡಲತೀರ ಮುಚ್ಚಿದಾಗ ಅವರ ಕೈ ಖಾಲಿಯಾಯಿತು. ಸಾವಿನ ಮುಂದೆ ವ್ಯಾಪಾರದ ಮಾತು ಸಲ್ಲದು ಎನ್ನುವವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ಕರಾವಳಿಯಲ್ಲಿ ಬಯಲುಸೀಮೆಯ ಮಕ್ಕಳು ಮುಳುಗುವಾಗ ಮೊದಲು ನೀರಿಗೆ ಹಾರುವವರು ಇದೇ ಜನ. ದಡದ ಜೀವರಕ್ಷಕರಲ್ಲಿ ಹೆಚ್ಚಿನವರು ಮೀನುಗಾರರ ಮನೆಯ ಹುಡುಗರು, ಗುತ್ತಿಗೆಯಲ್ಲಿ ದುಡಿಯುವವರು. ನಮ್ಮ ಮಕ್ಕಳ ಜೀವಕ್ಕೆ ನಿಜವಾದ ಕಾವಲು ಆ ಊರಿನ ಜನವೇ. ಅವರನ್ನು ಊರಿನಿಂದ ಬೇರೆ ಕೆಲಸ ಹುಡುಕಿಕೊಂಡು ಹೋಗುವಂತೆ ಮಾಡಿದರೆ ತೀರ ಇನ್ನಷ್ಟು ಅಪಾಯದ್ದಾಗುತ್ತದೆ.

ನೀರನ್ನು ಮರೆತ ಸೀಮೆ

ಕರಾವಳಿಯಲ್ಲಿ ಮುಳುಗುವ ಪ್ರವಾಸಿಗಳಲ್ಲಿ ಒಳನಾಡಿನವರು ಯಾಕೆ ಇಷ್ಟು ಜನ? ಸಮುದ್ರದ ಪರಿಚಯವಿಲ್ಲ ಎಂಬುದು ಅರ್ಧ ಉತ್ತರ. ನಮ್ಮ ಮಕ್ಕಳಿಗೆ ಯಾವ ನೀರಿನ ಪರಿಚಯವೂ ಉಳಿದಿಲ್ಲ ಎಂಬುದು ಇನ್ನರ್ಧ.

ನಮ್ಮ ತಂದೆಯರ ಕಾಲದಲ್ಲಿ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಸೀಮೆಯ ಗಂಡು ಹುಡುಗರು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡು, ಸೊಂಟಕ್ಕೆ ಹಗ್ಗ, ಮೇಲೆ ಹಗ್ಗದ ತುದಿ ಹಿಡಿದು ನಿಂತ ಅಣ್ಣನೋ ಮಾವನೋ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಹುಡುಗ ಹಗ್ಗ ಬಿಚ್ಚಿ ಈಜುತ್ತಿದ್ದ. ಮಳೆ ಚೆನ್ನಾಗಿ ಆದ ವರ್ಷ ಕೆರೆಯಲ್ಲಿ ಕಲಿಕೆ ಮುಂದುವರಿಯುತ್ತಿತ್ತು. ಆಮೇಲೆ ಕೊಳವೆ ಬಾವಿ ಬಂತು. ನೂರಾರು ಅಡಿ ಕೆಳಗಿನ ನೀರನ್ನು ಮೋಟಾರು ಎಳೆದುಕೊಂಡಂತೆ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು, ಕಸದ ಗುಂಡಿಗಳಾದವು, ಕೆಲವನ್ನು ಮುಚ್ಚಿಯೇ ಬಿಟ್ಟರು. ಕೆರೆಗಳಲ್ಲಿ ಜಾಲಿ ಬೆಳೆಯಿತು. ಬರ ಬಂದು ಹೋದ ಲೆಕ್ಕವನ್ನು ನಾವು ಬೆಳೆ ನಷ್ಟದಲ್ಲಿ, ಟ್ಯಾಂಕರಿನಲ್ಲಿ ಇಟ್ಟೆವು. ಅದು ಒಂದು ಇಡೀ ಪೀಳಿಗೆಯಿಂದ ಈಜನ್ನು ಕಿತ್ತುಕೊಂಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹುಡುಗಿಯರಿಗೆ ಆ ಬಾವಿಯ ಕಲಿಕೆಯೂ ಇರಲಿಲ್ಲ. ನೀರು ಸೇದಲು, ಬಟ್ಟೆ ಒಗೆಯಲು ಹೆಣ್ಣುಮಕ್ಕಳು ದಿನವೂ ನೀರಿನ ಬಳಿ ಇದ್ದರು, ಆದರೆ ನೀರೊಳಗೆ ಕೈಕಾಲು ಆಡಿಸಲು ಅವರಿಗೆ ಯಾರೂ ಕಲಿಸಲಿಲ್ಲ. ಮುರುಡೇಶ್ವರದಲ್ಲಿ ಸತ್ತ ನಾಲ್ವರೂ ಹುಡುಗಿಯರು ಎಂಬುದನ್ನು ನಾನು ಇದರಿಂದ ಬೇರ್ಪಡಿಸಿ ನೋಡಲಾರೆ. ಚೂಡಿದಾರ ತೊಟ್ಟು ನೀರಿಗಿಳಿದ ಹುಡುಗಿಗೆ ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ದುಪಟ್ಟ ಕತ್ತಿಗೆ ಬಿಗಿಯುತ್ತದೆ. ಈಜು ಬಂದವರಿಗೂ ಅದು ಕಷ್ಟ.

ಈಗ ನೀರು ಮತ್ತೆ ನಮ್ಮ ಬಾಗಿಲಿಗೆ ಬಂದಿದೆ. 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ ಜಲಾಶಯ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಕಾದು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮೂರನೇ ಸಲ. ಭದ್ರೆಯ ನೀರು ವೇದಾವತಿಗೆ ಸೇರಲು ಶುರುವಾದ ಮೇಲೆ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಹರಡಿ ನಿಂತಿದೆ. ಕೋಡಿ ನೋಡಲು ಮಾರಿಕಣಿವೆಗೆ ಜಾತ್ರೆಯಂತೆ ಜನ ನೆರೆದರು. ಇದರ ಜೊತೆಗೆ ಕೃಷಿ ಹೊಂಡಗಳಿವೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಿಗೆ ಹೊಂಡ ಬಂದವು. ರೈತನಿಗೆ ಅವು ವರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಂಡದ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಬಿದ್ದ ಮಗು ಹತ್ತಲಾಗದೆ ಜಾರುತ್ತಲೇ ಇರುತ್ತದೆ. ಹೊಂಡಕ್ಕೆ ಬಿದ್ದು ಅಣ್ಣ ತಮ್ಮ, ತಾಯಿ ಮಗು ಒಟ್ಟಿಗೆ ಸತ್ತ ಸುದ್ದಿ ಬಯಲುಸೀಮೆಯ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ದೇಶದಲ್ಲಿ 2022ರ ಒಂದೇ ವರ್ಷ 38 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಇವರಲ್ಲಿ ಬಹುಪಾಲು ಜನ ಸತ್ತಿದ್ದು ಕಡಲಲ್ಲಿ ಅಲ್ಲ, ಊರ ಪಕ್ಕದ ಕೆರೆ, ಹೊಳೆ, ನಾಲೆ, ಹೊಂಡಗಳಲ್ಲಿ. ಮಗುವನ್ನು ಸಮುದ್ರದಿಂದ ದೂರ ಇಟ್ಟೆವೆಂದು ನೆಮ್ಮದಿಯಾಗಿರುವ ಪೋಷಕರು ಹೊಲದ ಹೊಂಡದ ಕಡೆ ಒಮ್ಮೆ ನೋಡಬೇಕು.

ಕಡಲು ಹೇಗೆ ಎಳೆಯುತ್ತದೆ

ಸಮುದ್ರದಲ್ಲಿ ಸತ್ತವರನ್ನು ಕುರಿತು ನಾವು ಬೇಗ ಒಂದು ತೀರ್ಪು ಕೊಡುತ್ತೇವೆ: ಹುಚ್ಚಾಟ ಮಾಡಿದರು, ಆಳಕ್ಕೆ ಹೋದರು, ಹೇಳಿದ ಮಾತು ಕೇಳಲಿಲ್ಲ. ಕಡಲಿನ ನಡೆ ತಿಳಿದವರು ಇಷ್ಟು ಸುಲಭವಾಗಿ ಹೀಗೆ ಹೇಳುವುದಿಲ್ಲ.

ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ತೀರದ ಮರಳಿನಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಆ ನೀರೆಲ್ಲ ಕೂಡಿ ಇಕ್ಕಟ್ಟಾದ ಕಾಲುವೆಯಾಗಿ ಸಮುದ್ರದ ಕಡೆಗೆ ರಭಸದಿಂದ ಹರಿಯುತ್ತದೆ. ಇದೇ ಸೆಳೆತ. ಈ ಕಾಲುವೆ ಇರುವ ಕಡೆ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ಮೇಲ್ಮೈ ಸಮತಟ್ಟಾಗಿ ಕಾಣುತ್ತದೆ. ಅಲೆಗೆ ಹೆದರುವ ಒಳನಾಡಿನ ಮಗು ಅಲೆ ಇಲ್ಲದ ಜಾಗವೇ ಒಳ್ಳೆಯದೆಂದು ನೇರವಾಗಿ ಅಲ್ಲಿಗೇ ಇಳಿಯುತ್ತದೆ. ಮಂಡಿ ಮಟ್ಟದ ನೀರಿನಲ್ಲಿ ನಿಂತವರ ಕಾಲಡಿಯ ಮರಳನ್ನು ಹಿಂತಿರುಗುವ ಅಲೆ ತೋಡಿಕೊಂಡು ಹೋಗುತ್ತದೆ, ಒಂದು ಹೆಜ್ಜೆ ತಪ್ಪಿದರೆ ನೀರು ಎದೆಗೆ ಬರುತ್ತದೆ. ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರೆ ಒಬ್ಬಳು ಬಿದ್ದಾಗ ಸಾಲೇ ಬೀಳುತ್ತದೆ.

ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಲು ಹೆಣಗುತ್ತಾರೆ, ದಣಿದು ಮುಳುಗುತ್ತಾರೆ. ಮಾಡಬೇಕಾದ್ದು ಬೇರೆ. ಗಾಬರಿಯಾಗದೆ ಮೈ ಸಡಿಲ ಬಿಟ್ಟು ತೇಲಬೇಕು, ಕೈ ಎತ್ತಿ ಕೂಗಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದ ಪಟ್ಟಿಯಿಂದ ಹೊರಬರಬೇಕು. ಆಮೇಲೆ ಅಲೆಯೇ ದಡಕ್ಕೆ ತಳ್ಳುತ್ತದೆ. ಇಷ್ಟನ್ನು ಹೇಳಿಕೊಡಲು ಒಂದು ಪೀರಿಯಡ್ ಸಾಕು. ನಮ್ಮ ಎಷ್ಟು ಶಾಲೆಗಳಲ್ಲಿ ಬಸ್ಸು ಹತ್ತುವ ಮೊದಲು ಇದನ್ನು ಹೇಳಿದ್ದಾರೆ? ತಿಂಡಿಗೆ ಎಷ್ಟು ಹಣ, ಎರಡು ಜೊತೆ ಬಟ್ಟೆ, ಒಂದು ಬೆಡ್‌ಶೀಟು, ವಾಂತಿ ಮಾತ್ರೆ ಎಂದು ಪಟ್ಟಿ ಕೊಡುತ್ತೇವೆ. ನೀರಿನ ಬಗ್ಗೆ ‘ಹುಷಾರು’ ಎಂದಷ್ಟೇ ಹೇಳಿ ಮುಗಿಸುತ್ತೇವೆ.

ಪ್ರವಾಸದ ವೇಳಾಪಟ್ಟಿಯೂ ಅಪಾಯಕ್ಕೆ ದಾರಿ ಮಾಡುತ್ತದೆ. ಮೂರು ನಾಲ್ಕು ದಿನದಲ್ಲಿ ಜೋಗ, ಸಿಗಂದೂರು, ಮುರುಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ, ಶೃಂಗೇರಿ ಎಲ್ಲವೂ ಮುಗಿಯಬೇಕು. ರಾತ್ರಿಯೆಲ್ಲ ಪ್ರಯಾಣ, ಮಕ್ಕಳಿಗೂ ಮೇಷ್ಟ್ರಿಗೂ ನಿದ್ದೆ ಇಲ್ಲ. ಕಡಲತೀರಕ್ಕೆ ಬಸ್ಸು ಬರುವುದು ಸೂರ್ಯಾಸ್ತ ತೋರಿಸುವ ಆಸೆಯಿಂದ ಸಂಜೆ ಐದರ ಮೇಲೆ. ಬೆಳಕು ಇಳಿಯುವ ಹೊತ್ತು, ಗಾಳಿ ಏಳುವ ಹೊತ್ತು, ಜನ ಕಿಕ್ಕಿರಿದ ಹೊತ್ತು. ಐವತ್ತು ಮಕ್ಕಳನ್ನು ನಾಲ್ಕೈದು ಜನ ಎಣಿಸುತ್ತಾ ನಿಂತಿರುತ್ತಾರೆ, ಅವರಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ. ಮುರುಡೇಶ್ವರದ ಪ್ರಕರಣದಲ್ಲಿ ಯಾರ ಹೊಣೆ ಎಷ್ಟು ಎಂಬುದನ್ನು ನ್ಯಾಯಾಲಯ ನೋಡಲಿ. ನಾನು ಕೇಳುವುದು ಮುಂದಿನ ಬಸ್ಸಿನ ಬಗ್ಗೆ. ಈಜು ಬಾರದ ಶಿಕ್ಷಕರನ್ನು ಜೈಲಿಗೆ ಕಳಿಸಿದರೆ ಮುಂದಿನ ಬಸ್ಸಿನ ಶಿಕ್ಷಕರಿಗೆ ಈಜು ಬಂದುಬಿಡುತ್ತದೆಯೇ? ಅವರು ಪ್ರವಾಸಕ್ಕೇ ಬರುವುದಿಲ್ಲ ಎನ್ನುತ್ತಾರೆ, ಅಷ್ಟೆ. ಈಗ ಆಗುತ್ತಿರುವುದೂ ಅದೇ.

ಬೇರೆಯವರು ಏನು ಮಾಡಿದರು

ದುರಂತದ ನಂತರ ಬಾಗಿಲು ಮುಚ್ಚುವುದೊಂದೇ ದಾರಿಯಲ್ಲ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು, ಅವರೂ ಒಳನಾಡಿನವರೇ. ಕೂರ್ಮಗಡದ ಜಾತ್ರೆ ನಿಂತಿತೇ? ಇಲ್ಲ. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬಾರದು, ಮಿತಿ ಮೀರಿ ಜನರನ್ನು ತುಂಬಬಾರದು ಎಂಬ ಕಟ್ಟುನಿಟ್ಟು ಬಂತು. ದೇವರ ಉತ್ಸವಕ್ಕೆ ತೋರಿದ ಈ ವಿವೇಕವನ್ನು ಶಾಲಾ ಮಕ್ಕಳ ಪ್ರವಾಸಕ್ಕೆ ತೋರಲು ನಮಗೇಕೆ ಆಗುವುದಿಲ್ಲ? ಜಾತ್ರೆಗೆ ಊರು ನಿಲ್ಲುತ್ತದೆ. ಪ್ರವಾಸದ ಮಗುವಿನ ಪರವಾಗಿ ನಿಲ್ಲುವ ಊರು ಇಲ್ಲ.

ದೂರದ ಜಪಾನ್ ಇದೇ ಸಂಕಟವನ್ನು ಇನ್ನೂ ದೊಡ್ಡದಾಗಿ ಅನುಭವಿಸಿದೆ. 1955ರ ಮೇ ತಿಂಗಳಲ್ಲಿ ಶಿಯುನ್ ಮಾರು ಎಂಬ ಹಡಗು ಮಂಜಿನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿ 168 ಜನ ಸತ್ತರು. ಅವರಲ್ಲಿ ನೂರು ಮಂದಿ ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳು, ಹೆಚ್ಚಿನವರು ಹುಡುಗಿಯರು. ಅದೇ ವರ್ಷ ಜುಲೈನಲ್ಲಿ ತ್ಸು ನಗರದ ಕಡಲತೀರದಲ್ಲಿ ಈಜು ತರಗತಿಗೆ ಇಳಿದ 36 ಹುಡುಗಿಯರು ಮುಳುಗಿದರು. ಎರಡು ತಿಂಗಳ ಅಂತರದಲ್ಲಿ ಇಂಥ ಎರಡು ಆಘಾತ. ಜಪಾನ್ ಮಕ್ಕಳ ಪ್ರವಾಸ ನಿಲ್ಲಿಸಲಿಲ್ಲ, ನೀರನ್ನು ಬಿಡಿಸಲಿಲ್ಲ. ಮುಂದಿನ ದಶಕಗಳಲ್ಲಿ ಶಾಲೆ ಶಾಲೆಗೂ ಈಜುಕೊಳ ಕಟ್ಟಿತು, ಈಜನ್ನು ಪಾಠಕ್ಕೆ ಸೇರಿಸಿತು. ಯುದ್ಧ ಮುಗಿದು ಹತ್ತೇ ವರ್ಷವಾಗಿದ್ದ, ಇನ್ನೂ ಚೇತರಿಸಿಕೊಳ್ಳುತ್ತಿದ್ದ ದೇಶ ಅದು. ದುಡ್ಡಿಲ್ಲ ಎಂದು ಅದು ಕೈಚೆಲ್ಲಲಿಲ್ಲ.

ಜಪಾನಿನ ಮಾತು ನಮಗೆ ದೂರ ಎನ್ನುವವರು ಬಾಂಗ್ಲಾದೇಶ ನೋಡಲಿ. ಅಲ್ಲಿ ಹಳ್ಳಿಯ ಕೊಳದೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ನಾಲ್ಕು ವರ್ಷ ದಾಟಿದ ಮಕ್ಕಳಿಗೆ ತೇಲುವುದು, ಸ್ವಲ್ಪ ದೂರ ಈಜುವುದು, ಮುಳುಗುವವರಿಗೆ ದಡದಿಂದಲೇ ಕೋಲು ಚಾಚುವುದನ್ನು ಕಲಿಸುತ್ತಾರೆ. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವವರ ಪ್ರಮಾಣ ಬಹುವಾಗಿ ಇಳಿಯಿತೆಂದು ಅಧ್ಯಯನಗಳು ತೋರಿಸಿವೆ. ಪಕ್ಕದ ಗೋವಾದಲ್ಲಿ 2008ರಿಂದ ಕಡಲತೀರಗಳಿಗೆ ತರಬೇತಾದ ಜೀವರಕ್ಷಕರ ಪಡೆ ಇದೆ, ಎಲ್ಲಿ ಇಳಿಯಬಹುದು ಎಲ್ಲಿ ಇಳಿಯಬಾರದು ಎಂಬುದನ್ನು ಬಾವುಟ ಹೇಳುತ್ತದೆ. ಅಷ್ಟೇಕೆ, ಮುರುಡೇಶ್ವರದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಹೊನ್ನಾವರ ತಾಲ್ಲೂಕಿನ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕಿರುವ 33 ಮಾನದಂಡಗಳಲ್ಲಿ ಸುರಕ್ಷತೆಯೂ ಸೇರಿದೆ. ವಿದೇಶಿ ಮಾನ್ಯತೆ ಬೇಕಾದಾಗ ಎರಡು ತೀರಗಳನ್ನು ಹಾಗೆ ಸಜ್ಜು ಮಾಡಬಲ್ಲ ಸರ್ಕಾರ, ನಾಡಿನ ಮಕ್ಕಳು ಹೆಚ್ಚಾಗಿ ಬರುವ ತೀರವನ್ನು ಸಜ್ಜು ಮಾಡಲಾರದೆಂದರೆ ಯಾರು ಒಪ್ಪಬೇಕು?

ಎದುರು ವಾದಗಳಿಗೆ

ಜೀವಕ್ಕಿಂತ ಪ್ರವಾಸ ದೊಡ್ಡದೇ ಎಂದು ಕೇಳುತ್ತಾರೆ. ಅಲ್ಲವೇ ಅಲ್ಲ. ನಿಷೇಧದಿಂದ ಜೀವ ಉಳಿಯುತ್ತದೆ ಎಂದಾದರೆ ನಾನು ಇವತ್ತೇ ಅದರ ಪರ ನಿಲ್ಲುತ್ತೇನೆ. ಆದರೆ ಹದಿನೈದರ ವಯಸ್ಸಿನಲ್ಲಿ ಶಿಕ್ಷಕರ ಜೊತೆ ಸಮುದ್ರ ಕಾಣದ ಮಗು ಹತ್ತೊಂಬತ್ತರಲ್ಲಿ ಗೆಳೆಯರ ಜೊತೆ ಬೈಕಿನಲ್ಲಿ ಹೋಗಿ ಕಾಣುತ್ತದೆ. ಆಗ ಪಕ್ಕದಲ್ಲಿ ಬೇಡ ಎನ್ನುವ ಹಿರಿಯರಿರುವುದಿಲ್ಲ, ತಲೆಯಲ್ಲಿ ತಿಳಿವಳಿಕೆ ಇರುವುದಿಲ್ಲ. ನಿಷೇಧ ಸಾವನ್ನು ನಾಲ್ಕು ವರ್ಷ ಮುಂದೂಡುತ್ತದೆ, ಶಾಲೆಯ ರಿಜಿಸ್ಟರಿನಿಂದ ಆಚೆಗೆ ದಾಟಿಸುತ್ತದೆ. ಇಲಾಖೆಗೆ ಅಷ್ಟು ಸಾಕಿರಬಹುದು. ಹೆತ್ತವರಿಗೆ ಸಾಲದು.

ಇಷ್ಟು ಉದ್ದದ ಕರಾವಳಿಗೆ ಎಲ್ಲಿಂದ ಜೀವರಕ್ಷಕರನ್ನು ತರುವುದು ಎಂಬುದು ಎರಡನೇ ಪ್ರಶ್ನೆ. ಎಲ್ಲ ಕಡೆಗೂ ಬೇಕಿಲ್ಲ. ಶಾಲಾ ಬಸ್ಸುಗಳು ಹೋಗುವುದು ಬೆರಳೆಣಿಕೆಯ ತೀರಗಳಿಗೆ: ಮುರುಡೇಶ್ವರ, ಗೋಕರ್ಣ, ಕಾರವಾರ, ಮಲ್ಪೆ, ಮಂಗಳೂರಿನ ಪಣಂಬೂರು, ಹೀಗೆ ಕೆಲವು. ಅಲ್ಲಿ ಬಿಗಿಯಾದ ವ್ಯವಸ್ಥೆ ಮಾಡಿ, ಉಳಿದ ಕಡೆ ಶಾಲಾ ಮಕ್ಕಳು ನೀರಿಗಿಳಿಯಕೂಡದು ಎನ್ನಿ. ಇದಕ್ಕೆ ನನ್ನ ತಕರಾರಿಲ್ಲ. ಕಾಲ ನೋಡಿ ಮುಚ್ಚುವುದಕ್ಕೂ ತಕರಾರಿಲ್ಲ. ಮೀನುಗಾರರೇ ಜೂನ್ ಮತ್ತು ಜುಲೈ 61 ದಿನ ಆಳಸಮುದ್ರದ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಮಲ್ಪೆಯಲ್ಲಿ ತೀರದುದ್ದಕ್ಕೆ ಬಲೆ ಕಟ್ಟಿ ಕೆಂಪು ಬಾವುಟ ಏರಿಸುತ್ತಾರೆ. ಸಮುದ್ರದ ಸ್ವಭಾವ ನೋಡಿ ಹಾಕಿದ ಇಂಥ ತಡೆಯನ್ನು ಜನ ಒಪ್ಪುತ್ತಾರೆ. ಸುದ್ದಿಯ ಬಿಸಿ ನೋಡಿ ಮುಚ್ಚಿ, ಸುದ್ದಿ ಆರಿದ ಮೇಲೆ ತೆರೆಯುವ ತಡೆಯಿಂದ ಯಾರಿಗೂ ಏನೂ ಕಲಿಸಲಾಗುವುದಿಲ್ಲ.

ದುಡ್ಡಿನ ಮಾತಿಗೆ ಉತ್ತರ ಚಿಕ್ಕದು. ಸತ್ತ ಮೇಲೆ ನಾಲ್ಕು ಮನೆಗೆ ಕೊಟ್ಟ 20 ಲಕ್ಷ ರೂಪಾಯಿ ಸಾಯುವ ಮೊದಲು ಎಲ್ಲಿತ್ತು? ಪರಿಹಾರಕ್ಕೆ ಒಂದೇ ದಿನದಲ್ಲಿ ಹೊರಡುವ ಆದೇಶ, ಜೀವರಕ್ಷಕರ ನೇಮಕಕ್ಕೆ, ತೇಲುವ ಬುರುಡೆ ಕಟ್ಟಿದ ಹಗ್ಗಕ್ಕೆ, ಲೈಫ್ ಜಾಕೆಟ್ಟಿಗೆ ವರ್ಷಗಟ್ಟಲೆ ಕಾಯಬೇಕೇ?

ಆಗಬೇಕಾದ್ದು

ಮುಂದಿನ ಪ್ರವಾಸದ ಹಂಗಾಮಿಗೆ ಮೊದಲು ಪ್ರವಾಸೋದ್ಯಮ ಇಲಾಖೆ ಮತ್ತು ಕರಾವಳಿಯ ಮೂರು ಜಿಲ್ಲಾಡಳಿತಗಳು ಕೂಡಿ ಶಾಲಾ ಮಕ್ಕಳಿಗೆ ತೆರೆದ ತೀರಗಳ ಪಟ್ಟಿ ಹೊರಡಿಸಬೇಕು. ಪಟ್ಟಿಯಲ್ಲಿರುವ ಪ್ರತಿ ತೀರದಲ್ಲೂ ಮಕ್ಕಳು ಇಳಿಯಬಹುದಾದ ಜಾಗವನ್ನು ಹಗ್ಗ ಕಟ್ಟಿ ಗುರುತಿಸಬೇಕು, ಆ ಜಾಗವನ್ನು ಸೆಳೆತ ಸರಿದಂತೆ ದಿನವೂ ಬದಲಿಸುವ ಅಧಿಕಾರ ಸ್ಥಳೀಯ ಜೀವರಕ್ಷಕರಿಗೆ ಇರಬೇಕು. ಅವರ ಕೆಲಸ ಗುತ್ತಿಗೆಯದಾಗಿರಬಾರದು. ವಿಮೆ ಇಲ್ಲದೆ ಅವರು ನೀರಿಗೆ ಹಾರುವಂತಾಗಬಾರದು. ಮಹಿಳಾ ಜೀವರಕ್ಷಕರೂ ಬೇಕು, ಮೀನುಗಾರರ ಮನೆಗಳಲ್ಲಿ ಆ ಧೈರ್ಯದ ಹೆಣ್ಣುಮಕ್ಕಳಿದ್ದಾರೆ.

ಶಾಲೆಗಳಿಗೆ ಅನುಮತಿ ಕೊಡುವ ಶಿಕ್ಷಣ ಇಲಾಖೆ ಮತ್ತು ವಸತಿ ಶಾಲೆಗಳನ್ನು ನಡೆಸುವ ಸಂಘ ಸ್ಪಷ್ಟವಾದ ಷರತ್ತುಗಳನ್ನು ಬರೆದುಕೊಡಬೇಕು. ತೀರಕ್ಕೆ ಬೆಳಿಗ್ಗೆ ಹೋಗಬೇಕು, ಸಂಜೆ ನಾಲ್ಕರ ನಂತರ ನೀರಿಗಿಳಿಯಬಾರದು. ಬಸ್ಸು ನಿಂತ ಕೂಡಲೇ ಜೀವರಕ್ಷಕರ ಠಾಣೆಯಲ್ಲಿ ಮಕ್ಕಳ ಸಂಖ್ಯೆ ಬರೆಸಬೇಕು. ಹತ್ತು ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿರಬೇಕು, ಹತ್ತು ಹತ್ತು ಮಕ್ಕಳೇ ಸರದಿಯಲ್ಲಿ ಇಳಿಯಬೇಕು. ಹುಡುಗಿಯರು ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ತೊಟ್ಟು ಇಳಿಯಲಿ, ಅದನ್ನು ಆಕ್ಷೇಪಿಸುವ ಹಿರಿಯರಿದ್ದರೆ ಅವರಿಗೆ ಮುಖ್ಯೋಪಾಧ್ಯಾಯರು ತಿಳಿಹೇಳಲಿ. ಹೊರಡುವ ಹಿಂದಿನ ದಿನ ಸೆಳೆತದ ಪಾಠ ಕಡ್ಡಾಯವಾಗಲಿ. ಈ ಷರತ್ತುಗಳನ್ನು ಪಾಲಿಸಿದ ಶಿಕ್ಷಕರಿಗೆ ಇಲಾಖೆಯ ಬೆಂಬಲ ಇರಲಿ, ಮುರಿದವರ ಮೇಲೆ ಕ್ರಮವಾಗಲಿ. ನಿಯಮವನ್ನೇ ಬರೆಯದೆ ತಪ್ಪಿಗೆ ಶಿಕ್ಷೆ ಮಾತ್ರ ವಿಧಿಸುವುದು ಆಡಳಿತವಲ್ಲ.

ಎಲ್ಲಕ್ಕಿಂತ ಮೊದಲು ಈಜು. ತಾಲ್ಲೂಕಿಗೊಂದು ಈಜುಕೊಳ, ಅದರಲ್ಲಿ ಹುಡುಗಿಯರಿಗೆ ಪ್ರತ್ಯೇಕ ವೇಳೆ, ಮಹಿಳಾ ತರಬೇತುದಾರರು. ನೀರಿಲ್ಲದ ಸೀಮೆಗೆ ಈಜುಕೊಳ ಶೋಕಿ ಎನ್ನುವವರು ಹಿನ್ನೀರಿನ ಹಳ್ಳಿಗಳನ್ನೂ ಹೊಲಗಳ ಹೊಂಡಗಳನ್ನೂ ನೋಡಿ ಬಂದು ಮಾತಾಡಲಿ. ವಸತಿ ಶಾಲೆಗಳಲ್ಲಿ ಮಕ್ಕಳು ವರ್ಷವಿಡೀ ಒಂದೇ ಕಡೆ ಇರುತ್ತಾರೆ, ಅಲ್ಲಿಂದಲೇ ಆರಂಭಿಸಬಹುದು. ಕೃಷಿ ಹೊಂಡಕ್ಕೆ ತಂತಿ ಬೇಲಿ ಹಾಕದೆ ಕೊನೆಯ ಕಂತಿನ ಸಹಾಯಧನ ಬಿಡುಗಡೆ ಮಾಡಬಾರದು, ಒಳಕ್ಕೆ ಗಂಟು ಹಾಕಿದ ಹಗ್ಗವೊಂದು ಸದಾ ಇಳಿಬಿದ್ದಿರಬೇಕು. ಆ ಹಗ್ಗಕ್ಕೆ ತಗಲುವ ಖರ್ಚು ಕೆಲವೇ ನೂರು ರೂಪಾಯಿ.

ಹೊಸದುರ್ಗದ ಪೋಷಕರಿಗೆ, ಹಿರಿಯೂರು ಹೊಳಲ್ಕೆರೆಯ ಪೋಷಕರಿಗೆ ನನ್ನ ಮನವಿ ಇದು. ಶಾಲೆಯ ಸಭೆಯಲ್ಲಿ ಎದ್ದು ನಿಂತು ಸಮುದ್ರಕ್ಕೆ ಕಳಿಸುವುದಿಲ್ಲ ಎನ್ನಬೇಡಿ. ಯಾವ ತೀರ, ಎಷ್ಟು ಗಂಟೆಗೆ, ಎಷ್ಟು ಶಿಕ್ಷಕರು, ಜೀವರಕ್ಷಕರಿದ್ದಾರೆಯೇ, ಮಕ್ಕಳಿಗೆ ಪಾಠ ಆಗಿದೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಬಿಇಒ ಕಚೇರಿಗೆ ಬರೆಯಿರಿ, ಶಾಸಕರನ್ನು ಕೇಳಿ, ಈಜುಕೊಳ ಎಲ್ಲಿ ಎಂದು ಜಿಲ್ಲಾ ಪಂಚಾಯಿತಿಯ ಮುಂದೆ ಕೂತು ಕೇಳಿ. ಕೊತ್ತೂರಿನ ನಾಲ್ವರು ಹುಡುಗಿಯರಿಗೆ ಸಮುದ್ರ ನೋಡುವ ಹಕ್ಕಿತ್ತು, ನೋಡಿ ಜೀವಂತ ಮನೆಗೆ ಮರಳುವ ಹಕ್ಕೂ ಇತ್ತು. ಎರಡನೆಯದನ್ನು ಕಾಪಾಡಲಾಗದ ಸರ್ಕಾರ ಈಗ ಉಳಿದ ಮಕ್ಕಳಿಂದ ಮೊದಲನೆಯದನ್ನೂ ಕಿತ್ತುಕೊಳ್ಳಲು ನಾವು ಬಿಡಬಾರದು.